ಒಂದು ಬದಿಯ ಶ್ವಾಸಕೋಶದ ಅಪಧಮನಿ ಹುಟ್ಟಿನಿಂದಲೇ ಇಲ್ಲದಿದ್ದರೂ ದೊಡ್ಡವರಾಗುವವರೆಗೆ ಗೊತ್ತಾಗದಿರುವುದು ಹೇಗೆ? ಗೊತ್ತಾದ ಮೇಲೆ ಚಿಕಿತ್ಸೆ ಏನು?

ಹೃದಯದಲ್ಲಿ ಬೇರೆ ದೋಷವಿಲ್ಲದಿದ್ದರೆ, ಇನ್ನೊಂದು ಶ್ವಾಸಕೋಶವೇ ದೇಹಕ್ಕೆ ಬೇಕಾದ ಆಮ್ಲಜನಕವನ್ನು ಬಹುಕಾಲ ಒದಗಿಸಬಲ್ಲದು; ಆದ್ದರಿಂದಲೇ ಅನೇಕರಿಗೆ ಈ ಕೊರತೆಯ ಸುಳಿವು ಸಿಗುವುದಿಲ್ಲ. ಅಪಧಮನಿಯಿಲ್ಲದ ಶ್ವಾಸಕೋಶಕ್ಕೆ, ಅದು ಹೆಚ್ಚಾಗಿ ಬಲಗಡೆಯದು, ಮಹಾಪಧಮನಿಯ ಕವಲುಗಳಿಂದಲೂ ಪಕ್ಕೆಲುಬುಗಳ ನಡುವಿನ ನಾಳಗಳಿಂದಲೂ ಅಡ್ಡದಾರಿಯಲ್ಲಿ ರಕ್ತ ಹರಿದುಬರುತ್ತದೆ. ತೊಂದರೆಯ ಮೂಲವೂ ಅಲ್ಲೇ ಇದೆ: ಈ ರಕ್ತ ಮಹಾಪಧಮನಿಯ ಹೆಚ್ಚಿನ ಒತ್ತಡದಲ್ಲಿ ಬರುವುದರಿಂದ ಹಿಗ್ಗಿದ ನಾಳಗಳು ಒಡೆದು ಕೆಮ್ಮಿನಲ್ಲಿ ರಕ್ತ ಕಾಣಿಸಬಹುದು, ಇತ್ತ ಹೃದಯದ ಬಲಭಾಗದ ರಕ್ತವೆಲ್ಲ ಒಂದೇ ಶ್ವಾಸಕೋಶಕ್ಕೆ ಹೋಗಬೇಕಾಗಿರುವುದರಿಂದ ಕೆಲವರಲ್ಲಿ ಅಲ್ಲಿನ ರಕ್ತದೊತ್ತಡ ಏರಿ, ನಡೆದರೆ ಏದುಸಿರು ಬರುತ್ತದೆ.

ಎಕ್ಸ್-ರೇಯಲ್ಲಿ ಒಂದು ಶ್ವಾಸಕೋಶ ಚಿಕ್ಕದಾಗಿ, ಹೃದಯ ಅದರತ್ತ ಸರಿದಂತೆ ಕಂಡರೆ ಸಂಶಯಪಡಬೇಕು. ನಮ್ಮಲ್ಲಿ ಇದನ್ನು ಹಳೆಯ ಕ್ಷಯದ ಗುರುತೆಂದು ತಿಳಿದು ಸುಮ್ಮನಾಗುವ ಸಾಧ್ಯತೆ ಇದ್ದೇ ಇದೆ. ಸಿ.ಟಿ. ಆಂಜಿಯೋಗ್ರಾಮ್, ಅಂದರೆ ರಕ್ತನಾಳಗಳು ಎದ್ದುಕಾಣುವಂತೆ ಔಷಧ ಚುಚ್ಚಿ ತೆಗೆಯುವ ಸ್ಕ್ಯಾನ್, ಸಂಶಯವನ್ನು ಬಗೆಹರಿಸುತ್ತದೆ.

ಲಕ್ಷಣಗಳಿಲ್ಲದವರಿಗೆ ಆಗಾಗ ಎಕೋ ಪರೀಕ್ಷೆ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡಿ ಶ್ವಾಸಕೋಶದ ರಕ್ತದೊತ್ತಡವನ್ನು ಗಮನಿಸಿದರೆ ಸಾಮಾನ್ಯವಾಗಿ ಸಾಕು. ರಕ್ತ ಕೆಮ್ಮುವವರಲ್ಲಿ ಸಣ್ಣ ಕೊಳವೆ ತೂರಿಸಿ ಅಡ್ಡದಾರಿಯ ನಾಳಗಳನ್ನು ಒಳಗಿನಿಂದಲೇ ಮುಚ್ಚುತ್ತಾರೆ. ಅದೂ ಫಲಿಸದಿದ್ದಾಗ ಮಾತ್ರ ಆ ಶ್ವಾಸಕೋಶವನ್ನು ತೆಗೆಯುವ ಯೋಚನೆ. ಗರ್ಭ ಧರಿಸುವ ಮುನ್ನ ಮತ್ತು ಎತ್ತರದ ಪ್ರದೇಶಗಳಿಗೆ ಹೋಗುವ ಮುನ್ನ ಶ್ವಾಸಕೋಶದ ಈ ಒತ್ತಡವನ್ನು ತಪ್ಪದೆ ಅಳೆಸಬೇಕು.