ಗಿಂಪ್‌ನಲ್ಲಿ ಗೆರೆ ನಡುಗುತ್ತಿದೆಯಾ? ಕೈಗಿಂತ ಮೊದಲು ಸೆಟ್ಟಿಂಗ್ ನೋಡಿ

ಸರ್, ನಿಮ್ಮ ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ನೋಡಿದೆ. ಪೆನ್ಸಿಲ್‌ನಲ್ಲಿ ಬಿಡಿಸಿ ಸ್ಕ್ಯಾನ್ ಮಾಡಿರುವ ಯಕ್ಷಗಾನದ ಬಣ್ಣದ ವೇಷ (ರಾಕ್ಷಸ ಪಾತ್ರ) ಬಹಳ ಚೆನ್ನಾಗಿದೆ. ಚಿತ್ರ ಬಿಡಿಸುವ, ತಿದ್ದುವ ಸಾಫ್ಟ್‌ವೇರ್ ಗಿಂಪ್ 2.10ರಲ್ಲಿ ಅದರ ಮೇಲೆ ಗೆರೆ ಎಳೆದರೆ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ, ಗೆರೆ ನಡುಗುತ್ತದೆ, ಡ್ರಾಯಿಂಗ್ ಟ್ಯಾಬ್ಲೆಟ್‌ನ ಪೆನ್ ಎಷ್ಟು ಒತ್ತಿದರೂ ದಪ್ಪ-ಸಣ್ಣ ಬರುವುದಿಲ್ಲ ಅಂದಿದ್ದೀರಿ. ಇದರಲ್ಲಿ ನಡುಕವೊಂದೇ ಕೈಗೆ ಸೇರಿದ್ದು, ಅದೂ ಪೂರ್ತಿ ಅಲ್ಲ.

ಮೊದಲು ಮೆಟ್ಟಿಲು. ಟೂಲ್‌ಬಾಕ್ಸ್‌ನಲ್ಲಿ ನೀವು ಆರಿಸಿರುವುದು ಪೆನ್ಸಿಲ್ ಟೂಲ್. ಅದು ಅಂಚನ್ನು ನಯ ಮಾಡುವುದೇ ಇಲ್ಲ, ಪಿಕ್ಸೆಲ್ ಆರ್ಟ್ ಮಾಡುವವರಿಗೆ ಸರಿ. ಪಿ ಕೀ ಒತ್ತಿ ಪೇಂಟ್‌ಬ್ರಷ್‌ಗೆ ಬನ್ನಿ, ಬ್ರಷ್ ಪಟ್ಟಿಯಲ್ಲಿ ಹಾರ್ಡ್‌ನೆಸ್ 100 ಆರಿಸಿ. ಚಿತ್ರದ ಅಳತೆಯೂ ಚಿಕ್ಕದಾಯಿತು. ಎ4 ಕಾಗದದಲ್ಲಿ ಪ್ರಿಂಟ್ ತೆಗೆಯಬೇಕಾದರೆ 300 ಪಿಪಿಐ (ಒಂದು ಇಂಚಿಗೆ 300 ಪಿಕ್ಸೆಲ್) ಲೆಕ್ಕದಲ್ಲಿ 2480×3508 ಪಿಕ್ಸೆಲ್ ಬೇಕು. ಚಿಕ್ಕದರಲ್ಲಿ ಬಿಡಿಸಿ ಆಮೇಲೆ ಹಿಗ್ಗಿಸಿದರೆ ಗೆರೆ ಮಸುಕಾಗುತ್ತದೆ ಅಷ್ಟೇ.

ಇನ್ನು ಒತ್ತಡ. ಗಿಂಪ್ ಮುಚ್ಚಿ, ಟ್ಯಾಬ್ಲೆಟ್ ಜೋಡಿಸಿ, ಆಮೇಲೆ ಗಿಂಪ್ ತೆರೆಯಿರಿ. 2.10ಕ್ಕೆ ನಡುವೆ ಚುಚ್ಚಿದ ಟ್ಯಾಬ್ಲೆಟ್ ಸರಿಯಾಗಿ ಕಾಣುವುದಿಲ್ಲ. ಎಡಿಟ್ ಮೆನುವಿನಲ್ಲಿ ಇನ್‌ಪುಟ್ ಡಿವೈಸಸ್‌ಗೆ ಹೋಗಿ, ನಿಮ್ಮ ಪೆನ್ನಿನ ಹೆಸರಿನ ಮುಂದೆ ಮೋಡ್ ಡಿಸೇಬಲ್ಡ್ ಅಂತ ಇದ್ದರೆ ಸ್ಕ್ರೀನ್ ಮಾಡಿ ಸೇವ್ ಕೊಡಿ. ನಂತರ ಟೂಲ್ ಆಪ್ಷನ್ಸ್‌ನಲ್ಲಿ ಡೈನಾಮಿಕ್ಸ್ ಅನ್ನು ಪ್ರೆಷರ್ ಸೈಜ್‌ಗೆ ಇಡಿ, ಆಗ ಒತ್ತಿದಷ್ಟೂ ಗೆರೆ ದಪ್ಪಗಾಗುತ್ತದೆ. ಇದನ್ನೆಲ್ಲ ಮೌಸ್ ಬಿಟ್ಟು ಪೆನ್ನಿನಿಂದಲೇ ಆರಿಸಿ. ಗಿಂಪ್ ಒಂದೊಂದು ಸಾಧನಕ್ಕೆ ಬೇರೆ ಬೇರೆ ಟೂಲ್ ನೆನಪಿಟ್ಟುಕೊಳ್ಳುತ್ತದೆ. ಎಷ್ಟೋ ಜನ ತಲೆ ಕೆಡಿಸಿಕೊಳ್ಳುವುದು ಇಲ್ಲೇ.

ನಡುಕಕ್ಕೆ ಅಲ್ಲೇ ಕೆಳಗೆ ಸ್ಮೂತ್ ಸ್ಟ್ರೋಕ್ ಇದೆ. ಟಿಕ್ ಮಾಡಿದರೆ ಕ್ವಾಲಿಟಿ, ವೆಯಿಟ್ ಅಂತ ಎರಡು ಸ್ಲೈಡರ್ ಬರುತ್ತವೆ. ಸುಮ್ನೆ ಎರಡನ್ನೂ ಕೊನೆಗೆ ಎಳೆಯಬೇಡಿ. ಜಾಸ್ತಿಯಾದರೆ ಗೆರೆ ಪೆನ್ನಿನ ಹಿಂದೆ ತಡವಾಗಿ ಬರುತ್ತದೆ, ಚೂಪು ಮೂಲೆಗಳೆಲ್ಲ ದುಂಡಾಗುತ್ತವೆ. ಹುಬ್ಬು, ಮೀಸೆ, ಸೆರಗಿನ ಮಡಿಕೆಗೆ ಸ್ವಲ್ಪ ಇರಲಿ. ಮುಖದ ಚುಟ್ಟಿ (ಅಕ್ಕಿಹಿಟ್ಟಿನಿಂದ ಇಡುವ ಮುಳ್ಳಿನಂಥ ಚುಕ್ಕಿಗಳು) ಬಿಡಿಸುವಾಗ ಆ ಟಿಕ್ ಪೂರ್ತಿ ತೆಗೆದುಬಿಡಿ. ಅಲ್ಲಿ ಚೂಪು ಹೋದರೆ ವೇಷದ ರೌದ್ರವೇ ಹೋಯಿತು, ಅಲ್ವಾ?

ಕೈಯ ವಿಷಯಕ್ಕೆ ಬಂದರೆ, ನೀವು ಜಾಸ್ತಿ ಝೂಮ್ ಮಾಡಿ ಚಿಕ್ಕ ಚಿಕ್ಕ ತುಂಡುಗಳಲ್ಲಿ ಗೆರೆ ಎಳೆಯುತ್ತಿದ್ದೀರಿ. ಸೇರಿಸಿದ ಜಾಗಗಳು ಗಂಟು ಗಂಟಾಗಿ ಕಾಣುತ್ತಿವೆ. ಝೂಮ್ ಕಡಿಮೆ ಮಾಡಿ, ಮಣಿಕಟ್ಟು ಬಿಟ್ಟು ಮೊಣಕೈಯಿಂದ ಒಂದೇ ಎಳೆತದಲ್ಲಿ ಎಳೆಯಿರಿ. ಚೆನ್ನಾಗಿ ಬರದಿದ್ದರೆ ಕಂಟ್ರೋಲ್ ಝಡ್, ಮತ್ತೆ ಎಳೆಯಿರಿ. ಶಿಫ್ಟ್ ಹಿಡಿದು ಮೌಸಿನ ನಡುಗುಂಡಿಯಿಂದ ಎಳೆದರೆ ಹಾಳೆ ತಿರುಗುತ್ತದೆ. ಕೈಗೆ ಸಲೀಸಾದ ದಿಕ್ಕಿಗೆ ಗೆರೆ ಬರುವಂತೆ ತಿರುಗಿಸಿಕೊಳ್ಳಿ. ಗೆರೆಯ ತುದಿ ಮೊಂಡಾಗಿದ್ದರೆ ಎರೇಸರ್‌ನಿಂದ ಪಕ್ಕದಿಂದ ಕೆತ್ತಿ ಚೂಪು ಮಾಡಿ. ಇದಕ್ಕೆ ಗೆರೆಗಳು ಸ್ಕ್ಯಾನ್ ಮೇಲಿನ ಬೇರೆ ಪಾರದರ್ಶಕ ಲೇಯರ್‌ನಲ್ಲೇ (ಪದರದಲ್ಲೇ) ಇರಬೇಕು.

ಕಿರೀಟದ ಉದ್ದನೆಯ ಬಾಗುಗಳನ್ನು ಕೈಯಲ್ಲಿ ಎಳೆಯುವ ಹಟ ಬೇಡ. ಬಿಂದುಗಳನ್ನು ಜೋಡಿಸಿ ಬಾಗು ಮಾಡುವ ಪಾತ್ಸ್ ಟೂಲ್‌ನಲ್ಲಿ ಆದಷ್ಟು ಕಡಿಮೆ ಬಿಂದು ಇಟ್ಟು ಬಾಗು ಮಾಡಿಕೊಳ್ಳಿ. ಸ್ಟ್ರೋಕ್ ಪಾತ್ ಒತ್ತಿ, ಪೇಂಟ್ ಟೂಲ್‌ನಿಂದ ಎಳೆಯುವುದನ್ನು ಆರಿಸಿ, ಎಮ್ಯುಲೇಟ್ ಬ್ರಷ್ ಡೈನಾಮಿಕ್ಸ್‌ಗೆ ಟಿಕ್ ಹಾಕಿ. ಡೈನಾಮಿಕ್ಸ್ ಪ್ರೆಷರ್ ಸೈಜ್‌ನಲ್ಲೇ ಇದ್ದರೆ ಗೆರೆ ಎರಡೂ ತುದಿಯಲ್ಲಿ ಸಣ್ಣಗಾಗಿ ಬರುತ್ತದೆ. ಎಡ-ಬಲ ಒಂದೇ ಥರ ಬೇಕಾದರೆ ಸಿಮೆಟ್ರಿ ಪೇಂಟಿಂಗ್‌ನಲ್ಲಿ ಮಿರರ್ ಇದೆ. ಕಿರೀಟಕ್ಕೆ ಅದು ಚೆನ್ನ. ಮುಖಕ್ಕೆ ಬಳಸಬೇಡಿ, ಮುಖವಾಡ ಅಂಟಿಸಿದ ಹಾಗೆ ಕಾಣುತ್ತದೆ.

ಇಷ್ಟಾದ ಮೇಲೂ ಪೆನ್ ಒತ್ತಡ ಬರದಿದ್ದರೆ ಟ್ಯಾಬ್ಲೆಟ್ ಮಾಡೆಲ್ ತಿಳಿಸಿ. ಜೊತೆಗೆ ಇನ್‌ಪುಟ್ ಡಿವೈಸಸ್ ಕಿಟಕಿಯ ಸ್ಕ್ರೀನ್‌ಶಾಟ್ ಹಾಕಿ, ನೋಡೋಣ.