ಕಟಾ ಅಭ್ಯಾಸದಲ್ಲಿ ಸೋಲುವವರು ಯಾರು?

ಮಾನ್ಯರೇ,

ಜಪಾನಿನ ಹಳೆಯ ಕತ್ತಿವರಸೆಯ ಪರಂಪರೆಗಳನ್ನು ಕುರಿತ ನಮ್ಮ ಲೇಖನವನ್ನು ಓದಿ, ‘ಯಾರು ಹೊಡೆಯಬೇಕು, ಯಾರು ಸೋಲಬೇಕು ಎಂಬುದು ಮೊದಲೇ ಗೊತ್ತಾಗಿರುವ ಈ ಕಟಾ ಅಭ್ಯಾಸಕ್ಕೂ ನಾಟಕದ ಕಾಳಗಕ್ಕೂ ಏನು ವ್ಯತ್ಯಾಸ? ನಮ್ಮೂರಿನ ಕರಾಟೆ ತರಗತಿಯಲ್ಲಾದರೂ ಮಕ್ಕಳು ನಿಜವಾಗಿ ಸೆಣಸುತ್ತಾರೆ’ ಎಂದು ಬರೆದಿದ್ದೀರಿ.

ಹದಿನೈದನೆಯ ಶತಮಾನದಲ್ಲಿ ಇಯಿಜಾಸ ಇಯೆನಾವೊ ಸ್ಥಾಪಿಸಿದ, ಇಂದಿಗೂ ಚಿಬಾ ಪ್ರಾಂತದಲ್ಲಿ ಉಳಿದಿರುವ ಕತೋರಿ ಶಿಂತೋ ರ್ಯೂವನ್ನೇ (ರ್ಯೂ ಎಂದರೆ ಶಾಲೆ, ಪರಂಪರೆ) ನೋಡೋಣ. ಕತ್ತಿ, ದೊಣ್ಣೆ, ಈಟಿ, ಉದ್ದ ಹಿಡಿಗೆ ಬಾಗಿದ ಅಲಗು ಕೂಡಿಸಿದ ನಗಿನಾತ ಎಲ್ಲವನ್ನೂ ಇಲ್ಲಿ ಇಬ್ಬರು ಎದುರುಬದುರು ನಿಂತು ಕಟಾದ, ಅಂದರೆ ಮೊದಲೇ ಗೊತ್ತುಮಾಡಿದ ಚಲನೆಗಳ ಸರಣಿಯ, ಮೂಲಕವೇ ಕಲಿಯುತ್ತಾರೆ. ಕವಚ ತೊಟ್ಟ ಯೋಧನನ್ನು ಗಮನದಲ್ಲಿಟ್ಟು ಕಟ್ಟಿದ ಕಟಾಗಳಾದ್ದರಿಂದ ಅವುಗಳ ಗುರಿ ಕವಚ ಮುಚ್ಚದ ಜಾಗಗಳು: ಕೊರಳು, ಕಂಕುಳು, ಮಣಿಕಟ್ಟಿನ ಒಳಭಾಗ, ತೊಡೆಯ ಒಳಭಾಗ. ಮರದ ಕತ್ತಿಯಿಂದ ಇಂಥಲ್ಲಿ ಬಲವಾಗಿ ಹೊಡೆದರೆ ಜೊತೆಗಾರ ಮರುದಿನದ ಅಭ್ಯಾಸಕ್ಕೆ ಇರುವುದಿಲ್ಲ. ಕಟಾದ ಕಟ್ಟುಪಾಡಿಗೆ ಮೊದಲ ಕಾರಣ ಇದು.

ಎರಡನೆಯ ಕಾರಣವನ್ನು ನೋಡುಗರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹಳೆಯ ಕತ್ತಿಯ ಶಾಲೆಗಳಲ್ಲಿ ಸೋಲುವ ಪಾತ್ರ ಹಿರಿಯನದು. ಆತ ದಾಳಿ ಮಾಡುತ್ತ, ಅಂತರವನ್ನೂ ವೇಗವನ್ನೂ ಹಿಡಿತದಲ್ಲಿಟ್ಟುಕೊಂಡು, ಕಿರಿಯನ ಶಕ್ತಿಗೆ ತುಸುವೇ ಮೀರಿದ ಒತ್ತಡ ಹೇರುತ್ತಾನೆ. ಕಿರಿಯ ಒಂದು ಕ್ಷಣ ತಡಮಾಡಿದರೆ ಪೆಟ್ಟು ಬೀಳುವುದು ನಿಜ. ನಾಟಕದ ಕಾಳಗ ಪ್ರೇಕ್ಷಕರಿಗಾಗಿ ನಡೆಯುತ್ತದೆ, ಇದು ಎದುರಿಗೆ ನಿಂತ ಒಬ್ಬನೇ ಒಬ್ಬನಿಗಾಗಿ.

ಆದರೂ ನಿಮ್ಮ ಅನುಮಾನ ನಿರಾಧಾರವಲ್ಲ. ಜಪಾನೀಯರಿಗೇ ಅದು ಬಂದಿತ್ತು. ಹದಿನಾರನೆಯ ಶತಮಾನದಲ್ಲೇ ಕಮಿಯಿಜುಮಿ ನೊಬುತ್ಸುನ ಎಂಬ ಗುರು, ಸೀಳಿದ ಬಿದಿರಿಗೆ ತೊಗಲಿನ ಚೀಲ ತೊಡಿಸಿದ ಕತ್ತಿಯನ್ನು ಬಳಕೆಗೆ ತಂದು, ಗಾಯದ ಭಯವನ್ನು ತಗ್ಗಿಸಿದ. ಮುಂದೆ ತೊಕುಗಾವ ಮನೆತನದ ಆಳ್ವಿಕೆಯ ದೀರ್ಘ ಶಾಂತಿಯಲ್ಲಿ ಅನೇಕ ಶಾಲೆಗಳ ಕಟಾ ಬರೀ ಅಲಂಕಾರವಾಯಿತೆಂಬ ಟೀಕೆ ಎದ್ದಾಗ, ಹದಿನೆಂಟನೆಯ ಶತಮಾನದಲ್ಲಿ ಜಿಕಿಶಿನ್‌ಕಾಗೆ ರ್ಯೂ ಹಾಗೂ ಇತ್ತೋ ರ್ಯೂದ ನಕನಿಶಿ ಶಾಖೆಗಳು ಮುಖರಕ್ಷೆ, ಕೈಗವಸು ತೊಟ್ಟು ಬಿದಿರುಕತ್ತಿಯಿಂದ ಸೆಣಸುವ ಪದ್ಧತಿಯನ್ನು ಬೆಳೆಸಿದವು. ಇಂದಿನ ಕೆಂಡೊ ಹುಟ್ಟಿದ್ದು ಆ ದಾರಿಯಲ್ಲಿ. ಆದರೆ ಕೊಯ್ಯದ ಕತ್ತಿಗೆ ಯಾರೂ ಹೆದರುವುದಿಲ್ಲ. ಹೆದರಿಕೆ ಇಲ್ಲದವನು ನಿಜವಾದ ಅಲಗಿನ ಮುಂದೆ ಎಂದೂ ಇಡಲಾರದ ಹೆಜ್ಜೆಯನ್ನು ಇಲ್ಲಿ ಸಲೀಸಾಗಿ ಇಡುತ್ತಾನೆ. ನನ್ನ ಮಟ್ಟಿಗೆ, ಪಂದ್ಯದ ದೋಷ ಎಲ್ಲರ ಕಣ್ಣಿಗೆ ಬೀಳುವಂಥದ್ದು. ಕಟಾದ ದೋಷವೋ, ಒಳಗಿನ ಗುರುವೇ ಸಡಿಲಾದರೆ ತಲೆಮಾರುಗಳವರೆಗೆ ಯಾರಿಗೂ ತಿಳಿಯದು. ಈ ಪರಂಪರೆಗಳಿಗಿರುವ ದೊಡ್ಡ ಅಪಾಯ ಅದೇ.

1882ರಲ್ಲಿ ಕೊದೊಕಾನ್ ಎಂಬ ಜೂಡೊ ಶಾಲೆ ಸ್ಥಾಪಿಸಿದ ಕಾನೊ ಜಿಗೊರೊ ಎರಡನ್ನೂ ಉಳಿಸಿಕೊಂಡರು: ಎಸೆತ, ಹಿಡಿತಗಳನ್ನು ಮುಕ್ತ ಸೆಣಸಾಟಕ್ಕೆ ಬಿಟ್ಟು, ಮರ್ಮಸ್ಥಾನಗಳ ಪೆಟ್ಟುಗಳನ್ನು ಕಟಾದೊಳಗೆ ಇರಿಸಿದರು.

ಇನ್ನು ಕರಾಟೆಯ ಮಾತು. ಅದು ಸಮುರಾಯಿಗಳ ಶಾಲೆಗಳಿಂದ ಬಂದದ್ದಲ್ಲ, ಒಕಿನಾವ ದ್ವೀಪದ್ದು. 1922ರಲ್ಲಿ ಅದನ್ನು ತೋಕಿಯೊದಲ್ಲಿ ಪ್ರದರ್ಶಿಸಿದ ಫುನಾಕೋಶಿ ಗಿಚಿನ್ ಒತ್ತು ಕೊಟ್ಟದ್ದು ಕಟಾಕ್ಕೇ. ಪಂದ್ಯಗಳು ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಜಪಾನ್ ಕರಾಟೆ ಸಂಘದ ಮೊದಲ ಅಖಿಲ ಜಪಾನ್ ಪಂದ್ಯಾವಳಿ ನಡೆದದ್ದು 1957ರಲ್ಲಿ, ಅವರು ತೀರಿಕೊಂಡ ಕೆಲವು ತಿಂಗಳ ಬಳಿಕ.

— ಸಂಪಾದಕ