ಓದುಗರ ಪ್ರಶ್ನೆ: 19 ಇದ್ದದ್ದು 9 ಆಯ್ತು, ಹುಡುಗ ಕೆಟ್ಟೋದ್ನಾ?

ಈ ಸಲ ಬಂದಿರೋ ಪತ್ರಗಳೆಲ್ಲಾ ಅಮೆರಿಕದ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಬಗ್ಗೆನೇ, ಅದ್ರಲ್ಲೂ ಟೀಮ್ ಬದಲಾಯಿಸಿದ ಗಾರ್ಡ್‌ಗಳ (ಬಾಲ್ ನಡ್ಸೋ, ಹೊರಗಿಂದ ಶೂಟ್ ಮಾಡೋ ಪ್ಲೇಯರ್‌ಗಳ) ಬಗ್ಗೆ. ಹಾಗಾಗಿ ಒಂದೇ ಕಂತೆ ಮಾಡಿ ಉತ್ರ ಬರೀತಿದೀನಿ, ಮೊದಲ್ನೇದು ಸ್ವಲ್ಪ ಉದ್ದ ಆಯ್ತು, ಬೈಕೋಬೇಡಿ.

ಪ್ರಶ್ನೆ: ಸರ್, ನನ್ನ ಮಗಳು ಅಮೆರಿಕದಲ್ಲಿ ಓದ್ತಿದಾಳೆ, ಅವಳ ಕಾಲೇಜ್ ಟೀಮ್ ಮ್ಯಾಚ್ ನೋಡಿ ನೋಡಿ ನಂಗೂ ಹುಚ್ಚು ಹತ್ತಿದೆ. ಈ ವರ್ಷ ಸಣ್ಣ ಕಾಲೇಜಿಂದ ಒಬ್ಬ ಗಾರ್ಡ್‌ನ ಕರ್ಕೊಂಡ್ ಬಂದ್ರು, ಅಲ್ಲಿ ಮ್ಯಾಚಿಗೆ 19 ಪಾಯಿಂಟ್ ಹೊಡೀತಿದ್ನಂತೆ, ಇಲ್ಲಿ 9 ಕ್ಕೆ ಇಳಿದಿದಾನೆ. ಬಾಲೇ ಮುಟ್ಟಲ್ಲ, ಮೂಲೇಲಿ ನಿಂತಿರ್ತಾನೆ. ದೊಡ್ಡ ಟೀಮ್ ಪ್ರೆಷರ್ ತಡ್ಕೊಳ್ಳಕ್ಕೆ ಆಗ್ತಿಲ್ವಾ ಅಥ್ವಾ ಕೋಚ್ ಅವನ್ನ ಹಾಳು ಮಾಡ್ತಿದಾನಾ?

ಎರಡೂ ಅಲ್ಲ ಅಂತ ನನ್ನ ಗುಮಾನಿ. ಮೊದ್ಲು ಒಂದು ಪೆನ್ನು ಹಾಳೆ ತಗೊಳ್ಳಿ. ಕಾಲೇಜ್ ಮೆನ್ಸ್ ಮ್ಯಾಚು 40 ನಿಮಿಷ, ಒಂದು ಟೀಮಿಗೆ ಸುಮಾರು 70 ಸಲ ಅಟ್ಯಾಕ್ ಮಾಡೋ ಚಾನ್ಸ್ ಸಿಗುತ್ತೆ ಅಂತ ಇಟ್ಕೊಳ್ಳಿ. ಹಳೇ ಟೀಮಲ್ಲಿ ಇವನು 35 ನಿಮಿಷ ಆಡ್ತಿದ್ದ, ಅಂದ್ರೆ 61 ಚಾನ್ಸಲ್ಲಿ ಕೋರ್ಟ್ ಮೇಲಿದ್ದ, ಅದ್ರಲ್ಲಿ ನೂರಕ್ಕೆ ಮೂವತ್ತು ಇವನ ಕೈಯಲ್ಲೇ ಮುಗೀತಿತ್ತು ಅಂದ್ರೆ 18 ಚಾನ್ಸು. ಈಗ ಹೊಸ ಟೀಮಲ್ಲಿ 28 ನಿಮಿಷ, 49 ಚಾನ್ಸು, ಅದ್ರಲ್ಲಿ ನೂರಕ್ಕೆ ಹದಿನೆಂಟು ಅಂದ್ರೆ 9 ಕೂಡ ಸರಿಯಾಗಿ ಬರಲ್ಲ. ಒಂದು ಚಾನ್ಸಿಗೆ ಒಂದು ಪಾಯಿಂಟ್ ಚಿಲ್ರೆ ಅಂತ ಲೆಕ್ಕ ಹಾಕಿದ್ರೆ ಅಲ್ಲಿ 19, ಇಲ್ಲಿ 9. ಇವು ನಾನು ಉದಾಹರಣೆಗೆ ಹಾಕ್ಕೊಂಡ ನಂಬರ್‌ಗಳು, ನಿಮ್ಮ ಹುಡುಗನ ಅಸಲಿ ಲೆಕ್ಕ ಸ್ವಲ್ಪ ಆಚೀಚೆ ಇರ್ಬೋದು, ಆದ್ರೆ ವಿಷ್ಯ ಅರ್ಥ ಆಯ್ತಲ್ಲ, ಅವನು ಒಂದಿಂಚೂ ಕೆಟ್ಟಿಲ್ದೇನೇ ಪಾಯಿಂಟ್ ಅರ್ಧ ಆಗ್ಬೋದು.

ಇನ್ನೊಂದು ಕಹಿ ಮಾತು. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಸಣ್ಣ ಟೀಮಲ್ಲಿ ಶಾಟ್ ಹಾಕೋರೇ ಇಲ್ದಿದ್ದಾಗ 30 ಸೆಕೆಂಡ್ ಶಾಟ್ ಕ್ಲಾಕಲ್ಲಿ (ಅಷ್ಟ್ರೊಳಗೆ ಶಾಟ್ ಹಾಕ್ಲೇಬೇಕು) 20 ಸೆಕೆಂಡ್ ಬಾಲ್ ಇವನ ಕೈಯಲ್ಲೇ ಇರ್ತಿತ್ತು, ಹೋದ್ರೂ ಇವಂದೇ ಬಂದ್ರೂ ಇವಂದೇ. ಹೊಸ ಟೀಮಲ್ಲಿ ಇವನಂಥೋರು ಇನ್ನೂ ಮೂರು ಜನ ಇದಾರೆ, ಅವ್ರೂ ಅವರವರ ಊರಿನ ಗೌಡ್ರೇ. ಬಾಲ್ ಇರೋದು ಒಂದೇ.

ಮೂಲೇಲಿ ನಿಂತಿರ್ತಾನೆ ಅಂದ್ರಲ್ಲ, ಅದು ಸುಮ್ನೆ ನಿಲ್ಲೋದಲ್ಲ ಸರ್. ತ್ರೀ ಪಾಯಿಂಟ್ ಗೆರೆ ಕಾಲೇಜಲ್ಲಿ ಈಗ 22 ಅಡಿ ಚಿಲ್ರೆ ದೂರ, ಅಲ್ಲಿ ನಿಂತು ಚೆನ್ನಾಗಿ ಹೊಡಿಯೋ ಹುಡುಗ ಇದ್ರೆ ಅವನ ಡಿಫೆಂಡರ್ ಅವನ್ನ ಬಿಟ್ಟು ಒಳಗೆ ಹೋಗಂಗಿಲ್ಲ, ಹೋದ್ರೆ ಮೂರು ಪಾಯಿಂಟ್ ದಂಡ. ಡಿಫೆಂಡರ್ ಹೊರಗೇ ಕಟ್ಬಿದ್ದ ಅಂದ್ರೆ ಬಾಸ್ಕೆಟ್ ಮುಂದೆ ಜಾಗ ಖಾಲಿ, ಅಲ್ಲಿ ಇನ್ನೊಬ್ಬ ನುಗ್ಗಿ ಲೇಅಪ್ ಹಾಕಿ ಚಪ್ಪಾಳೆ ತಗೋತಾನೆ. ಬಾಕ್ಸ್ ಸ್ಕೋರಲ್ಲಿ, ಅಂದ್ರೆ ಯಾರು ಎಷ್ಟು ಹೊಡೆದ್ರು ಅನ್ನೋ ಪಟ್ಟಿಯಲ್ಲಿ, ನಿಮ್ಮ ಹುಡುಗನ ಹೆಸ್ರೇ ಬರಲ್ಲ. ಕಷ್ಟ ಎಲ್ಲಿದೆ ಅಂದ್ರೆ, ಮೊದ್ಲು ನಾಲ್ಕು ಡ್ರಿಬಲ್ ಹಾಕಿ ರಿದಮ್ ಹಿಡಿದು ಶಾಟ್ ಹಾಕ್ತಿದ್ದೋನು ಈಗ ಎರಡು ನಿಮಿಷ ಬಾಲೇ ಮುಟ್ಟದೆ ಇದ್ದು ಒಮ್ಮೆಗೇ ಪಾಸ್ ಬಂದಾಗ ಅರ್ಧ ಸೆಕೆಂಡಲ್ಲಿ ಶೂಟ್ ಮಾಡ್ಲಾ, ನುಗ್ಲಾ, ಪಾಸ್ ಕೊಡ್ಲಾ ಅಂತ ತೀರ್ಮಾನ ಮಾಡ್ಬೇಕು, ಅಭ್ಯಾಸ ಇಲ್ದಿದ್ರೆ ಬಾಲ್ ಹಿಡ್ಕೊಂಡು ಒಂದು ಸೆಕೆಂಡ್ ಯೋಚ್ನೆ ಮಾಡ್ತಾನೆ, ಅಷ್ಟ್ರಲ್ಲಿ ಡಿಫೆಂಡರ್ ಮುಖದ ಮುಂದೆ ಬಂದಿರ್ತಾನೆ, ಚಾನ್ಸ್ ಹೋಯ್ತು. ನವೆಂಬರ್ ಡಿಸೆಂಬರಲ್ಲಿ ಟ್ರಾನ್ಸ್‌ಫರ್ ಗಾರ್ಡ್‌ಗಳು ತಡವರಿಸೋದು ಜಾಸ್ತಿ ಈ ಒಂದು ಸೆಕೆಂಡಿಂದಾನೇ, ಪ್ರೆಷರ್ ಗಿಷರ್ ಆಮೇಲಿನ ಮಾತು.

ನಂಬಿಕೆ ಬರ್ಲಿಲ್ಲ ಅಂದ್ರೆ ಟ್ರಿಸ್ಟನ್ ನ್ಯೂಟನ್ ಕಥೆ ನೋಡಿ. ಈಸ್ಟ್ ಕೆರೊಲೈನಾದಲ್ಲಿ ಕೊನೇ ವರ್ಷ ಮ್ಯಾಚಿಗೆ 17 ರ ಮೇಲೆ ಹೊಡೀತಿದ್ದ, 2022 ರಲ್ಲಿ ಯೂಕಾನ್‌ಗೆ (ಕನೆಕ್ಟಿಕಟ್ ಯೂನಿವರ್ಸಿಟಿ) ಬಂದ, ಮೊದಲ ಸೀಸನ್ 10 ರ ಹತ್ರ ಬಿದ್ದ. ಆಗ್ಲೂ ಇದೇ ಮಾತು ಬಂದಿರುತ್ತೆ ಬಿಡಿ. ಆ ಸೀಸನ್ ದೇಶದ ಕಾಲೇಜ್ ಟೂರ್ನಮೆಂಟ್ ಫೈನಲಲ್ಲಿ ಸ್ಯಾನ್ ಡಿಯಾಗೋ ಸ್ಟೇಟ್ ಮೇಲೆ 19 ಪಾಯಿಂಟು 10 ರಿಬೌಂಡು, ಕಪ್ಪು ಯೂಕಾನ್‌ದು. ಮುಂದಿನ ವರ್ಷ ಅವನೇ ಟೀಮಿನ ಮುಖ್ಯ ಗಾರ್ಡ್, 15 ಕ್ಕೆ ಏರಿದ, 2024 ರಲ್ಲಿ ಪರ್ಡ್ಯೂನ 75-60 ಸೋಲಿಸಿ ಮತ್ತೆ ಕಪ್ಪು, ಫೈನಲ್ ಫೋರ್‌ನ (ಕೊನೇ ನಾಲ್ಕು ಟೀಮಿನ ಘಟ್ಟ) ಮೋಸ್ಟ್ ಔಟ್‌ಸ್ಟ್ಯಾಂಡಿಂಗ್ ಪ್ಲೇಯರ್ ಇವನೇ. ಗಮನಿಸಿ, ಎರಡನೇ ವರ್ಷದಲ್ಲೂ 17 ಮುಟ್ಟಲಿಲ್ಲ. ಯಾರಿಗೂ ಅದು ನೆನಪಿಲ್ಲ ಕೂಡ.

ಪ್ರಶ್ನೆ: ಪಾಯಿಂಟ್ ಗಾರ್ಡ್, ಶೂಟಿಂಗ್ ಗಾರ್ಡ್ ಬೇರೆ ಬೇರೆನಾ? ಎರಡೂ ಗಾರ್ಡೇ ತಾನೆ?

ಕಾಗದದ ಮೇಲೆ ಬೇರೆ. ಪಾಯಿಂಟ್ ಬಾಲ್ ತಂದು ಆಟ ಶುರು ಮಾಡೋನು, ಶೂಟಿಂಗ್ ಆಟ ಮುಗಿಸೋನು. ಈಗಿನ ಕಾಲದಲ್ಲಿ ಎರಡೂ ಮಾಡೋ ಕಾಂಬೋ ಗಾರ್ಡ್‌ಗಳೇ ಜಾಸ್ತಿ, ಆದ್ರೆ ಎರಡೂ ಮಾಡ್ತೀನಿ ಅನ್ನೋರೆಲ್ಲಾ ಮಾಡಲ್ಲ. ಮುಂದಿನ ಉತ್ತರ ಓದಿ.

ಪ್ರಶ್ನೆ: ನೀವು ಯಾವಾಗ್ಲೂ ಗೆದ್ದೋರ ಕಥೆನೇ ಹೇಳ್ತೀರಾ. ಹೊಸ ರೋಲ್‌ಗೆ ಹೊಂದ್ಕೊಳ್ಳದೇ ಸೋತೋರು ಯಾರೂ ಇಲ್ವಾ?

ಒಪ್ಕೊಂಡೆ, ಚೆನ್ನಾಗಿ ಹಿಡಿದ್ರಿ. ವಿಮೆನ್ಸ್ ಆಟದ ಗಾರ್ಡ್ ಹೇಲಿ ವ್ಯಾನ್ ಲಿತ್ ಬಗ್ಗೆ ಹೇಳ್ತೀನಿ, ಆದ್ರೆ ಅವಳನ್ನ ಸೋತೋಳು ಅನ್ನಕ್ಕೆ ನಂಗೆ ಮನಸಿಲ್ಲ.

ಲೂಯಿವಿಲ್‌ನಲ್ಲಿ ಅವಳು ಸ್ಕೋರರ್, ಕೊನೇ ಸೀಸನ್ ಹತ್ತತ್ರ 20. ಅಲ್ಲಿಂದ 2023 ರಲ್ಲಿ ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಹೋದ್ಲು, ಆಗಷ್ಟೇ ಅಯೋವಾನ 102-85 ಸೋಲಿಸಿ ಕಪ್ ಗೆದ್ದಿದ್ದ ಟೀಮು. ಆ ಟೀಮಿನ ಪಾಯಿಂಟ್ ಗಾರ್ಡ್ ಬಿಟ್ಟೋಗಿದ್ಲು, ಆ ಜಾಗಕ್ಕೆ ಇವಳನ್ನ ನಿಲ್ಸಿದ್ರು. ಸುತ್ತ ಏಂಜಲ್ ರೀಸ್, ಫ್ಲಾಜೆ ಜಾನ್ಸನ್, ಅನೀಸಾ ಮಾರೋ ಅಂಥ ಬಾಲ್ ಬೇಡೋ ಪ್ಲೇಯರ್‌ಗಳು, ಇವಳ ಕೆಲ್ಸ ಅವರಿಗೆ ಬಡಿಸೋದು. ಹುಟ್ಟಿದಾಗಿಂದ ಓಪನಿಂಗ್ ಬ್ಯಾಟಿಂಗ್ ಮಾಡ್ದೋನಿಗೆ ವಿಕೆಟ್ ಕೀಪಿಂಗ್ ಗ್ಲೌಸ್ ಕೊಟ್ಟು ಏಳನೇ ನಂಬರಿಗೆ ಬಾ ಅಂದ ಹಾಗೆ. 11 ರ ಆಸುಪಾಸಿಗೆ ಇಳಿದ್ಲು, ಶೂಟಿಂಗ್ ಕೆಟ್ಟೋಯ್ತು, 2024 ರಲ್ಲಿ ಅಯೋವಾ ಎದುರು 94-87 ಸೋತು ಟೀಮ್ ಎಲೀಟ್ ಎಯ್ಟ್‌ನಲ್ಲೇ (ಕೊನೇ ಎಂಟು ಟೀಮಿನ ಸುತ್ತು) ಮನೆಗೆ ಹೋಯ್ತು, ಬೈಗುಳ ಎಲ್ಲಾ ಇವಳ ತಲೆ ಮೇಲೆ. ನಂಗನ್ಸೋದು, ಅದು ಬರೀ ಅವಳ ತಪ್ಪಲ್ಲ. ಶೂಟರ್‌ನ ಕರ್ಕೊಂಡ್ ಬಂದು ಆಟ ನಡ್ಸು ಅಂದ್ರೆ ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅಂತ ಆಗೋದು ಸಹಜ.

ಮತ್ತೆ ಟೀಮ್ ಬದಲಾಯಿಸಿದ್ಲು, ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿ). ಅಲ್ಲೂ ಬಾಲ್ ಅವಳ ಕೈಗೇ ಕೊಟ್ರು, ಆದ್ರೆ ಈ ಸಲ ಪಿಕ್ ಅಂಡ್ ರೋಲ್ ಆಡೋಕೆ, ಎತ್ತರದ ಸೆಡೋನಾ ಪ್ರಿನ್ಸ್ ಬಂದು ಸ್ಕ್ರೀನ್ ಹಾಕ್ತಾಳೆ, ಅಂದ್ರೆ ಇವಳ ಡಿಫೆಂಡರ್‌ಗೆ ಅಡ್ಡ ನಿಲ್ತಾಳೆ, ಇವಳು ನೋಡಿ ಶೂಟ್ ಮಾಡ್ಬೋದು ಇಲ್ಲಾ ಅವಳಿಗೇ ಪಾಸ್ ಕೊಡ್ಬೋದು. ಪೊಸಿಷನ್ ಹೆಸ್ರು ಅದೇ, ಕೆಲ್ಸ ಬೇರೆ. ಹತ್ತತ್ರ 18 ಪಾಯಿಂಟು, ಬಿಗ್ 12 ಅನ್ನೋ ಕಾಲೇಜ್ ಲೀಗಿನ ಪ್ಲೇಯರ್ ಆಫ್ ದಿ ಇಯರ್, ಟಿಸಿಯು ಚರಿತ್ರೆಲೇ ಮೊದಲ್ನೇ ಸಲ ಎಲೀಟ್ ಎಯ್ಟ್, 2025 ರ ಡಬ್ಲ್ಯುಎನ್‌ಬಿಎ (ವಿಮೆನ್ಸ್ ಪ್ರೊಫೆಷನಲ್ ಲೀಗ್) ಡ್ರಾಫ್ಟಲ್ಲಿ 11 ನೇ ಪಿಕ್. ಒಂದೇ ಹುಡುಗಿ, ಎರಡು ವರ್ಷ, ಎರಡು ಟೀಮು. ಅದಕ್ಕೇ ಯಾರಾದ್ರೂ ಅವನಿಗೆ ಅಡ್ಜಸ್ಟ್ ಆಗಕ್ಕೆ ಬರಲ್ಲ ಅಂದಾಗ ನಾನು ವಾಪಸ್ ಕೇಳೋದು ಒಂದೇ, ಯಾವ ಕೆಲ್ಸಕ್ಕೆ ಅಂತ.

ಪ್ರಶ್ನೆ: ಮೊದ್ಲು ಟೀಮ್ ಬಿಟ್ರೆ ಒಂದು ವರ್ಷ ಕೂರ್ಬೇಕಿತ್ತಲ್ವಾ? ಈಗ ಯಾಕೆ ವರ್ಷ ವರ್ಷ ಹಾರ್ತಾರೆ?

ಹೌದು, ಕೂರ್ಬೇಕಿತ್ತು. ಟ್ರಾನ್ಸ್‌ಫರ್ ಪೋರ್ಟಲ್ ಶುರು ಆಗಿದ್ದು 2018 ರ ಅಕ್ಟೋಬರಲ್ಲಿ, ಅಂದ್ರೆ ಹೋಗ್ತೀನಿ ಅನ್ನೋರ ಹೆಸ್ರು ಒಂದೇ ಕಡೆ ಬರೋ ಪಟ್ಟಿ. 2021 ರಲ್ಲಿ ಒಂದು ಸಲ ಹೋದ್ರೆ ಕೂರೋದು ಬೇಡ ಅಂದ್ರು, 2024 ರಲ್ಲಿ ಮಾರ್ಕ್ಸ್ ಸರಿ ಇದ್ರೆ ಎಷ್ಟು ಸಲ ಬೇಕಾದ್ರೂ ಹೋಗಿ ಅಂದ್ರು. ದುಡ್ಡು ಕೂಡ ಸೇರ್ತು, 2021 ರ ಜುಲೈ 1 ರಿಂದ ಹೆಸ್ರು ಮುಖ ಬಳ್ಸಿ ಜಾಹೀರಾತಲ್ಲಿ ಸಂಪಾದ್ಸಬೋದು, 2025 ರ ಜುಲೈಯಿಂದ ಕಾಲೇಜೇ ನೇರವಾಗಿ ಪ್ಲೇಯರ್‌ಗಳಿಗೆ ಹಂಚ್ಬೋದು, ಮೊದಲ ವರ್ಷಕ್ಕೆ ಎಲ್ಲಾ ಸ್ಪೋರ್ಟ್ಸೂ ಸೇರಿ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ಇಷ್ಟೆಲ್ಲಾ ಇದ್ಮೇಲೆ ಹಾರದೇ ಇರ್ತಾರಾ, ನಾನಾಗಿದ್ರೂ ಹಾರ್ತಿದ್ದೆ.

ಆದ್ರೆ ಆ ಕೂರೋ ವರ್ಷದಿಂದ ಒಂದು ಲಾಭ ಇತ್ತು, ಅದನ್ನ ಯಾರೂ ಹೇಳಲ್ಲ. ಡೇವಿಯನ್ ಮಿಚೆಲ್ ಆಬರ್ನ್ ಬಿಟ್ಟು ಬೇಲರ್‌ಗೆ ಬಂದಾಗ 2018-19 ಪೂರ್ತಿ ಒಂದೂ ಮ್ಯಾಚ್ ಆಡಂಗಿರ್ಲಿಲ್ಲ, ಬರೀ ಪ್ರಾಕ್ಟೀಸು. ಆ ಟೀಮ್ ಹೇಗೆ ಡಿಫೆನ್ಸ್ ಆಡುತ್ತೆ, ಯಾರು ಎಲ್ಲಿ ನಿಲ್ತಾರೆ, ಎಲ್ಲಾ ಮೈಗೆ ಹತ್ತಿಸ್ಕೊಂಡ. 2021 ರಲ್ಲಿ ದೇಶದ ಬೆಸ್ಟ್ ಡಿಫೆಂಡರ್ ಅಂತ ನೈಸ್ಮಿತ್ ಪ್ರಶಸ್ತಿ ಬಂತು, ಅದುವರ್ಗೂ ಒಂದೂ ಸೋಲದ ಗೊನ್ಜಾಗಾನ ಫೈನಲಲ್ಲಿ 86-70 ಹೊಡೆದ್ರು. ಈಗಿನ ಹುಡುಗ ಬೇಸಿಗೇಲಿ ಬರ್ತಾನೆ, ನವೆಂಬರಲ್ಲಿ ಮೊದಲ ಮ್ಯಾಚು, ಜನ್ವರಿಗೆ ಅವನ ಮೇಲೆ ತೀರ್ಪು. ಕೂರ್ಸೋ ರೂಲು ಅನ್ಯಾಯದ್ದೇ, ವಾಪಸ್ ಬರೋದು ಬೇಡ, ಆದ್ರೆ ಆ ಕಲಿಯೋ ವರ್ಷವೂ ಅದರ ಜೊತೆ ಹೋಯ್ತು.

ಪ್ರಶ್ನೆ: ಸ್ಟಾರ್ ಗಾರ್ಡ್ ಫೈನಲಲ್ಲಿ ಸ್ಕೋರೇ ಮಾಡ್ಲಿಲ್ಲ ಅಂದ್ರೆ ಅವನು ಎಂಥಾ ಸ್ಟಾರು?

ವಾಲ್ಟರ್ ಕ್ಲೇಟನ್ ಜೂನಿಯರ್ ಬಗ್ಗೆ ತಾನೆ ಕೇಳ್ತಿರೋದು? ಐಯೋನಾ ಅನ್ನೋ ಸಣ್ಣ ಕಾಲೇಜಿಂದ ಫ್ಲೋರಿಡಾಗೆ ಬಂದೋನು. 2025 ರ ಸೆಮಿಫೈನಲಲ್ಲಿ ಆಬರ್ನ್ ಮೇಲೆ 34. ಫೈನಲಲ್ಲಿ ಹ್ಯೂಸ್ಟನ್ ಎದುರು ಫಸ್ಟ್ ಹಾಫ್ ಸೊನ್ನೆ, ಕೊನೆಗೆ 11. ಅವತ್ತು ಜಾಸ್ತಿ ಹೊಡೆದೋನು ವಿಲ್ ರಿಚರ್ಡ್, ಅವನೂ ಬೆಲ್‌ಮಾಂಟಿಂದ ಟ್ರಾನ್ಸ್‌ಫರ್ ಆದೋನೇ. ಮೂರನೇ ಗಾರ್ಡ್ ಅಲೈಜಾ ಮಾರ್ಟಿನ್ ಫ್ಲೋರಿಡಾ ಅಟ್ಲಾಂಟಿಕಿಂದ ಬಂದೋನು. ಮೂರೂ ಬೇರೆ ಕಡೆಯಿಂದ ಬಂದ ಗಾರ್ಡ್‌ಗಳು, ಮೂರೂ ಒಂದೇ ಬಾಲಿಗೆ. 65-63 ಇದ್ದಾಗ ಕೊನೇ ಸೆಕೆಂಡುಗಳಲ್ಲಿ ಹ್ಯೂಸ್ಟನ್‌ನ ಎಮಾನ್ಯುಯೆಲ್ ಶಾರ್ಪ್ ತ್ರೀ ಹಾಕಕ್ಕೆ ಮೇಲೆ ಹಾರ್ದ, ಕ್ಲೇಟನ್ ಓಡಿ ಬಂದು ಮುಖದ ಮುಂದೆ ಹಾರ್ದ, ಶಾರ್ಪ್ ಶಾಟ್ ಹಾಕಕ್ಕಾಗದೆ ಬಾಲ್ ಕೈ ಬಿಟ್ಟ, ಮತ್ತೆ ತಾನೇ ಮುಟ್ಟಿದ್ರೆ ಟ್ರಾವೆಲಿಂಗ್ ಅಂತ ಬಾಲ್ ಎದುರು ಟೀಮಿಗೆ ಹೋಗುತ್ತೆ, ಹಾಗಾಗಿ ಮುಟ್ಟಂಗಿಲ್ಲ, ಬಾಲ್ ನೆಲದ ಮೇಲೆ ಕುಣೀತಿದ್ರೆ ಫ್ಲೋರಿಡಾದ ಅಲೆಕ್ಸ್ ಕಾಂಡನ್ ಅದ್ರ ಮೇಲೆ ಬಿದ್ದ. ಮ್ಯಾಚ್ ಮುಗೀತು. ಆ ಓಟಕ್ಕೆ ಬಾಕ್ಸ್ ಸ್ಕೋರಲ್ಲಿ ಪಾಯಿಂಟ್ ಇಲ್ಲ.

ಪ್ರಶ್ನೆ: ಅಣ್ಣಾ, ನಾನು ಇಲ್ಲೇ ಅಮೆರಿಕದಲ್ಲಿ ಒಂದು ಕಾಲೇಜ್ ಟೀಮಲ್ಲಿ ಗಾರ್ಡು, ಈ ವರ್ಷನೇ ಟ್ರಾನ್ಸ್‌ಫರ್ ಆದೆ. ಹಳೇ ಕಡೆ ಸ್ಟಾರ್ಟರ್, ಇಲ್ಲಿ ಬೆಂಚಿಂದ ಬಾ ಅಂತಾರೆ. ರೂಮಿಗೆ ಬಂದು ಅಳು ಬರುತ್ತೆ. ಏನ್ ಮಾಡ್ಲಿ?

ಅಳಪ್ಪ, ಅದ್ರಲ್ಲೇನಿದೆ. ನಾನೂ ಹುಡುಗನಾಗಿದ್ದಾಗ ಒಂದು ಟೀಮಿಂದ ಇನ್ನೊಂದಕ್ಕೆ ಹೋಗಿ ಮೊದಲ ಮೂರು ಮ್ಯಾಚ್ ಟವೆಲ್ ಮಡ್ಚಿದೋನು, ಅದೂ ನೀನು ಆಡೋ ಲೆವೆಲ್ಲಿಗೆ ಹತ್ತಿರನೂ ಇರ್ಲಿಲ್ಲ.

ಮೊದ್ಲು ಕೋಚ್ ಹತ್ರ ಹೋಗು, ಯಾಕೆ ಆಡಿಸ್ತಿಲ್ಲ ಅಂತ ಕೇಳ್ಬೇಡ, ನಾನು ಒಳಗೆ ಬಂದಾಗ ನಿಮಗೆ ಯಾವ ಒಂದು ವಿಷ್ಯ ಬದಲಾಗ್ಬೇಕು ಅಂತ ಕೇಳು. ಸ್ಪೀಡ್ ಬೇಕು ಅಂತಾರೋ, ಎದುರು ಗಾರ್ಡ್‌ನ ತಡೀಬೇಕು ಅಂತಾರೋ, ಆ ಒಂದು ವಾಕ್ಯ ಸಿಕ್ರೆ ಸಾಕು. ಉತ್ರ ಗೊಳಗೊಳ ಅಂತಿದ್ರೆ ಅವ್ರಿಗೇ ಗೊತ್ತಿಲ್ಲ ಅಂತ, ಅದೂ ಒಂದು ಮಾಹಿತಿನೇ, ಮುಂದಿನ ವರ್ಷ ಎಲ್ಲಿರ್ಬೇಕು ಅಂತ ಯೋಚ್ನೆ ಮಾಡುವಾಗ ಬೇಕಾಗುತ್ತೆ.

ಬೆಂಚ್ ಮೇಲೆ ಸುಮ್ನೆ ಕೂರ್ಬೇಡ. ನಿಂಗೇ ಗೊತ್ತು, 20 ನಿಮಿಷದ ಹಾಫಲ್ಲಿ 16 ನಿಮಿಷ ಉಳಿದಾಗಿನ ಮೀಡಿಯಾ ಟೈಮ್‌ಔಟ್ (ಟಿವಿ ಜಾಹೀರಾತಿನ ಬಿಡುವು) ಹೊತ್ತಿಗೆ ಬೆಂಚಿನೋರು ಒಳಗೆ ಹೋಗೋದು ಜಾಸ್ತಿ. ಅಂದ್ರೆ ನಾಲ್ಕು ನಿಮಿಷದ ಪರೀಕ್ಷೆ ಪೇಪರ್ ನಿನ್ನ ಕಣ್ಮುಂದೆನೇ ಲೀಕ್ ಆಗ್ತಿದೆ. ನಿಂಗೆ ಬರೋ ಡಿಫೆಂಡರ್ ಸ್ಕ್ರೀನ್ ಬಂದಾಗ ಮೇಲಿಂದ ಬರ್ತಾನಾ ಸ್ಕ್ರೀನ್ ಹಿಂದೆ ಕೆಳಗಿಂದ ಜಾರ್ತಾನಾ ನೋಡು, ಕೆಳಗಿಂದ ಅಂದ್ರೆ ನಿಂಗೆ ಜಾಗ ಬಿಟ್ಟಿರ್ತಾನೆ, ಮೊದಲ್ನೇ ಸಲನೇ ಶೂಟ್ ಮಾಡು. ಅವ್ರ ಟೀಮ್ ಫೌಲ್ ಎಷ್ಟಾಯ್ತು ಎಣಿಸ್ತಿರು, ಮೆನ್ಸ್ ಆಟದಲ್ಲಿ ಒಂದು ಹಾಫಿನ ಏಳನೇ ಫೌಲಿಂದ ಒನ್ ಅಂಡ್ ಒನ್ (ಮೊದಲ ಫ್ರೀ ಥ್ರೋ ಬಿದ್ರೆ ಮಾತ್ರ ಎರಡನೇದು), ಹತ್ತರಿಂದ ಎರಡು ಫ್ರೀ ಥ್ರೋ, ಆರಾಗಿದ್ದಾಗ ನೀನು ಒಳಗೆ ಬಂದ್ರೆ ಹೊರಗಿಂದ ಶಾಟ್ ಹಾಕೋದ್ಯಾಕೆ, ನುಗ್ಗು.

ಇನ್ನೊಂದು, ನಿನ್ನ ಶೂಟಿಂಗ್ ಪ್ರಾಕ್ಟೀಸ್ ಬದಲಾಯಿಸು. ಇನ್ನೂರು ಶಾಟ್ ಸಾಲಾಗಿ ಹಾಕೋದು ಸ್ಟಾರ್ಟರ್‌ಗೆ ಸರಿ, ನಿಂಗೆ ಮ್ಯಾಚಲ್ಲಿ ಸಿಗೋದು ನಾಲ್ಕೈದು, ಅದೂ ಮೈ ತಣ್ಣಗಿರೋವಾಗ. ಹಾಗಾಗಿ ಪ್ರಾಕ್ಟೀಸ್ ಮುಗ್ದ ಮೇಲೆ ಹತ್ತು ನಿಮಿಷ ಕೂತ್ಕೋ, ನೀರು ಕುಡಿ, ಎದ್ದು ಒಂದೇ ಒಂದು ತ್ರೀ ಹಾಕು, ಬೋರ್ಡ್ ಮೇಲೆ ಬರ್ಕೋ, ಮತ್ತೆ ಕೂತ್ಕೋ. ಆ ಒಂದೊಂದು ಶಾಟಿನ ಲೆಕ್ಕ ಒಂದು ತಿಂಗ್ಳು ಇಟ್ಟು ನಂಗೆ ಬರೆದು ಕಳ್ಸು, ಕೆಟ್ಟದಾಗಿದ್ರೂ ಕಳ್ಸು.